ಗುಳೆ ಹೋದವರ ಊರಲ್ಲೊಂದು ಆಸ್ಪತ್ರೆ

2024ರ ಮಾರ್ಚ್‌ನಲ್ಲಿ ತೆರೆಕಂಡ ‘ಕ್ಯಾಬ್ರಿನಿ’ ಚಿತ್ರದ ಆರಂಭದಲ್ಲೇ ನ್ಯೂಯಾರ್ಕಿನ ಬೀದಿಯಲ್ಲಿ ಹುಡುಗನೊಬ್ಬ ಸಾಯುತ್ತಿರುವ ತಾಯಿಯನ್ನು ಗಾಡಿಯಲ್ಲಿ ತಳ್ಳಿಕೊಂಡು ನೆರವಿಗಾಗಿ ಅಂಗಲಾಚುತ್ತಾನೆ. ಅವನ ಇಟಾಲಿಯನ್ ಮಾತಿಗೆ ಕಿವಿಗೊಡುವವರಿಲ್ಲ. ಅಲೆಹಾಂಡ್ರೊ ಮಾಂಟೆವರ್ಡೆ ನಿರ್ದೇಶಿಸಿದ ಇದು ಕ್ಯಾಥೊಲಿಕ್ ಸನ್ಯಾಸಿನಿ ಫ್ರಾನ್ಸಿಸ್ ಕ್ಯಾಬ್ರಿನಿಯವರ ಜೀವನಕಥೆ. ಮಳೆ ಕೈಕೊಟ್ಟ ವರ್ಷ ಎರೆ, ಮಸಾರಿ ಹೊಲಗಳನ್ನು ಬಿಟ್ಟು ಮಂಗಳೂರು, ಬೆಂಗಳೂರು, ಗೋವಾಕ್ಕೆ ಗುಳೆ ಹೋಗುವ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದವರಿಗೆ ಆ ಹುಡುಗನ ಸಂಕಟ ಹೊಸದಲ್ಲ.

1889ರ ಮಾರ್ಚ್ 31ರಂದು ಆರು ಮಂದಿ ಸನ್ಯಾಸಿನಿಯರೊಂದಿಗೆ ನ್ಯೂಯಾರ್ಕಿಗೆ ಬಂದಿಳಿದ ಕ್ಯಾಬ್ರಿನಿಗೆ ಆರ್ಚ್‌ಬಿಷಪ್ ಕೊರಿಗನ್ ಇಟಲಿಗೆ ಮರಳಿ ಎಂದರು. ಆಕೆ ಮರಳಲಿಲ್ಲ. ಅನಾಥಾಲಯ, ಶಾಲೆಗಳ ಜೊತೆಗೆ 1892ರಲ್ಲಿ ಕೊಲಂಬಸ್ ಆಸ್ಪತ್ರೆ ಎದ್ದಿತು. 1917ರಲ್ಲಿ ತೀರಿಕೊಳ್ಳುವಷ್ಟರಲ್ಲಿ 67 ಸಂಸ್ಥೆಗಳಾಗಿದ್ದವು. ಚಿತ್ರದ ಮೇಯರ್ ಕಲ್ಪಿತ ಪಾತ್ರ, ನಾಯಕಿಯನ್ನು ಎತ್ತರಿಸುವ ಉತ್ಸಾಹವೂ ಅಲ್ಲಲ್ಲಿ ಅತಿಯಾಗಿದೆ. ಆದರೆ ಆ ಕಟ್ಟಡಗಳು ಕಲ್ಪನೆಯಲ್ಲ. ಜನ ದುಡಿಯಲು ಹೋಗಿ ನಿಂತ ಜಾಗದಲ್ಲೇ ನೆರವೂ ನಿಲ್ಲಬೇಕು ಎಂಬುದನ್ನು ಆಕೆ ಕಂಡುಕೊಂಡಿದ್ದರು. ಆ ಇಟಾಲಿಯನ್ ವಲಸಿಗರು ಕಡಲು ದಾಟಿದ ಪರದೇಶಿಗಳು, ನಮ್ಮವರು ಈ ದೇಶದ ಪ್ರಜೆಗಳೇ ಅಲ್ಲವೇ ಎನ್ನಬಹುದು. ನಿಜ, ‘ಒಂದು ದೇಶ ಒಂದು ಪಡಿತರ ಚೀಟಿ’ಯಿಂದ ಈಗ ಹೋದಲ್ಲೂ ಅಕ್ಕಿ ಪಡೆಯಬಹುದು. ಆದರೆ ವರ್ಷದ ನಡುವೆ ಕನ್ನಡ ಶಾಲೆ ಬಿಟ್ಟು ಹೋದ ಮಗು ಗೋವಾದಲ್ಲಿ ಯಾವ ಭಾಷೆಯ ಪಾಠಕ್ಕೆ ಕೂರಬೇಕು? ಬಸುರಿ ತನ್ನ ನೋವನ್ನು ಯಾರಿಗೆ ಹೇಳಬೇಕು? ಪಡಿತರ ಚೀಟಿಯಲ್ಲಿ ಇದಕ್ಕೆ ಉತ್ತರವಿಲ್ಲ.

ಊರಲ್ಲೇ ನೀರು, ಕೆಲಸ ಕೊಟ್ಟರೆ ಗುಳೆಯೇ ನಿಲ್ಲುತ್ತದೆ ಎಂಬ ವಾದ ಇನ್ನೂ ಗಟ್ಟಿಯದು. ಕೊಡಲೇಬೇಕು. ಆದರೆ ಇದೇ ಜಿಲ್ಲೆಯ ಗಂಗಾವತಿಯನ್ನು ನೋಡಿ: ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದದ್ದೇ ಆಂಧ್ರದಿಂದ ರೈತರು ಬಂದರು, ಭೂಮಿ ಕೊಂಡು ಭತ್ತ ಬೆಳೆದರು, ಕ್ಯಾಂಪುಗಳನ್ನು ಕಟ್ಟಿಕೊಂಡರು. ನೀರು ವಲಸೆಯನ್ನು ನಿಲ್ಲಿಸಲಿಲ್ಲ, ಅದರ ದಿಕ್ಕನ್ನು ತಿರುಗಿಸಿತು. ಇವತ್ತು ಕೊಪ್ಪಳ ಸುತ್ತಲಿನ ಕಾರ್ಖಾನೆಗಳಿಗೂ ಹೊರಗಿನ ಕಾರ್ಮಿಕರು ಬರುತ್ತಾರೆ. ಕೈಯಲ್ಲಿ ಬಂಡವಾಳವಿದ್ದ ವಲಸಿಗರು ತಮ್ಮ ಊರನ್ನು ತಾವೇ ಕಟ್ಟಿಕೊಂಡರು; ಸಲಿಕೆ, ಬುಟ್ಟಿ ಹಿಡಿದು ಹೊರಟವರಿಗೆ ಆ ಶಕ್ತಿಯಿಲ್ಲ. ಅವರಿಗಾಗಿ ಮಠವೋ ಚರ್ಚೋ ಸಂಘವೋ ಕಟ್ಟಿದರೆ ಸಂತೋಷ, ಆದರೆ ಮೊದಲ ಹೊಣೆ ಸರ್ಕಾರದ್ದು. ಇಲ್ಲೇ ಉಳಿಯುವ ಮಕ್ಕಳಿಗೆ ವಸತಿ ಶಾಲೆ ಬೇಕು. ಕುಷ್ಟಗಿಯಿಂದ ಮಂಗಳೂರಿನ ಬಸ್ಸು ಹತ್ತುವ ಮಕ್ಕಳಿಗೆ, ಬಸ್ಸು ಇಳಿಸಿದ ಕಡೆ, ಶೆಡ್ಡುಗಳ ಪಕ್ಕದಲ್ಲೇ, ಕನ್ನಡ ಬಲ್ಲ ಒಬ್ಬ ಶಿಕ್ಷಕಿ ಮತ್ತು ಒಬ್ಬ ದಾದಿ ಬೇಕು.