ಪದವಿನ ಮೇಲೆ ಮನೆಗಳು: ಗ್ರಾಮಸಭೆಯ ಒಂದು ಚರ್ಚೆಯನ್ನು ತರಗತಿಯಲ್ಲಿ ಓದುವ ಬಗೆ

ಗ್ರಾಮಸಭೆಯ ಪಾಠವನ್ನು ಮಕ್ಕಳು ಸಾಮಾನ್ಯವಾಗಿ ಮೂರು ನಾಲ್ಕು ವಾಕ್ಯಗಳಲ್ಲಿ ಕಲಿತು ಮುಗಿಸುತ್ತಾರೆ. ಮತದಾರರೆಲ್ಲರೂ ಅದರ ಸದಸ್ಯರು, ಅದು ನಿಗದಿತ ಕಾಲಕ್ಕೆ ಸೇರಬೇಕು, ಊರಿನ ಅಭಿವೃದ್ಧಿಯ ವಿಚಾರಗಳನ್ನು ಅಲ್ಲಿ ಚರ್ಚಿಸಲಾಗುತ್ತದೆ. ಇಷ್ಟನ್ನು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ದೊರೆಯುತ್ತದೆ. ಆದರೆ ಎರಡು ನ್ಯಾಯವಾದ ಬೇಡಿಕೆಗಳು ಒಂದೇ ಸಭೆಯಲ್ಲಿ ಎದುರುಬದುರಾದಾಗ ಏನಾಗುತ್ತದೆ, ಯಾರ ಮಾತು ದಾಖಲೆಗೆ ಸೇರುತ್ತದೆ, ಯಾರ ಮಾತು ಗಾಳಿಯಲ್ಲಿ ಉಳಿಯುತ್ತದೆ ಎಂಬುದನ್ನು ಆ ವಾಕ್ಯಗಳು ಹೇಳುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಈ ಎರಡನೆಯ ಭಾಗವೇ ಹೆಚ್ಚು ಅಗತ್ಯ. ಆದುದರಿಂದ ಒಂದು ವಸತಿ ಯೋಜನೆಯ ಚರ್ಚೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪಾಠವನ್ನು ವಿಸ್ತರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಪ್ರಸಂಗವನ್ನು ಪಾಠಕ್ಕಾಗಿ ಕಲ್ಪಿಸಿಕೊಳ್ಳಲಾಗಿದೆ; ಅದರಲ್ಲಿ ಬರುವ ಕಾನೂನು, ಭೂಮಿಯ ಸ್ವಭಾವ ಮತ್ತು ಮಾತುಗಳು ವಾಸ್ತವ.

ಸಭೆಯ ಸ್ವರೂಪ

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಗ್ರಾಮಸಭೆಗೆ ಸಂವಿಧಾನದಲ್ಲಿ ಸ್ಥಾನ ದೊರೆತದ್ದು ಅದರಿಂದ. ಅದೇ ತಿದ್ದುಪಡಿ ಸೇರಿಸಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಗ್ರಾಮೀಣ ವಸತಿಯೂ ಒಂದು, ಕುಡಿಯುವ ನೀರೂ ಒಂದು. ನಮ್ಮ ಉದಾಹರಣೆಯಲ್ಲಿ ಈ ಎರಡೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ.

ಕೇರಳದಲ್ಲಿ 1994ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆಯು ಇಡೀ ಪಂಚಾಯತಿಗೆ ಒಂದಲ್ಲ, ವಾರ್ಡಿಗೊಂದು. ವಾರ್ಡಿನ ಸದಸ್ಯರು ಸಭೆಯ ಸಂಚಾಲಕರು. ಪಂಚಾಯತಿನ ಅಧ್ಯಕ್ಷರು ಸಭಾಧ್ಯಕ್ಷರು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಹಾಜರಿದ್ದರೆ ಕೋರಂ ಆಗುತ್ತದೆ. ತಮಿಳುನಾಡಿನಲ್ಲಿ ಗ್ರಾಮಸಭೆ ಗ್ರಾಮ ಪಂಚಾಯತಿಗೆ ಒಂದು. ಅಲ್ಲಿ ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯೋತ್ಸವ ಹಾಗೂ ಗಾಂಧಿ ಜಯಂತಿಯಂದು ಸಭೆ ನಡೆಯುವ ರೂಢಿಯಿದೆ. ತಾಳವಾಡಿ, ಹೊಸೂರು ಕಡೆಯ ಅಧ್ಯಾಪಕರು ಈ ಪಾಠವನ್ನು ಬಳಸುವುದಾದರೆ ಈ ವ್ಯತ್ಯಾಸವನ್ನು ಮೊದಲು ತಿಳಿಸಬೇಕು.

ಪ್ರಸಂಗ

ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ವಾರ್ಡನ್ನು ಕಲ್ಪಿಸಿಕೊಳ್ಳಿ. ಊರಿನ ನೆತ್ತಿಯಲ್ಲಿ ಮುರಕಲ್ಲಿನ ಪದವು, ಅದರ ಇಳಿಜಾರಿನಲ್ಲಿ ಅಡಿಕೆ ತೋಟಗಳು, ಕೆಳಗೆ ಬೈಲು ಗದ್ದೆ. ಪದವಿನ ಮೇಲಿನ ಸರಕಾರಿ ಜಾಗದಲ್ಲಿ ಭೂಮಿಯೂ ಮನೆಯೂ ಇಲ್ಲದವರಿಗಾಗಿ 40 ಮನೆಗಳ ಒಂದು ವಸತಿ ಸಮುಚ್ಚಯವನ್ನು ಕಟ್ಟುವ ಪ್ರಸ್ತಾವ ಬಂದಿದೆ. ಕೇರಳ ಸರಕಾರ 2016ರಲ್ಲಿ ಘೋಷಿಸಿದ ಲೈಫ್ ವಸತಿ ಯೋಜನೆಯಲ್ಲಿ ಭೂರಹಿತರಿಗೂ ಸ್ಥಾನವಿದೆ. ಅದರ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರುತ್ತದೆ. ಆದುದರಿಂದ ಇಂತಹ ಚರ್ಚೆ ಈ ಜಿಲ್ಲೆಯ ಯಾವ ಊರಿನಲ್ಲೂ ನಡೆಯಬಹುದಾದುದು.

ಮನೆ ಬೇಕೆನ್ನುವವರ ವಾದವನ್ನು ಮೊದಲು ಕೇಳಬೇಕು. ಬಾಡಿಗೆಯ ಕೋಣೆಯಲ್ಲಿಯೋ ಬಂಧುಗಳ ಮನೆಯ ಜಗಲಿಯಲ್ಲಿಯೋ ಹತ್ತಾರು ಮಳೆಗಾಲಗಳನ್ನು ಕಳೆದವರಿಗೆ ಮನೆ ಎಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲ. ಒಂದು ಸ್ಥಿರ ವಿಳಾಸ, ಮಕ್ಕಳಿಗೆ ಮಧ್ಯದಲ್ಲಿ ಬದಲಾಗದ ಒಂದು ಶಾಲೆ, ಎತ್ತಿ ಕಳುಹಿಸುವವರಿಲ್ಲ ಎಂಬ ನೆಮ್ಮದಿ ಅದರೊಂದಿಗೆ ಬರುತ್ತವೆ. ಬೈಲಿನಲ್ಲಿ ಜಾಗ ಕೊಡಿ ಎಂದರೆ ಅದೂ ಸುಲಭವಲ್ಲ. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಅಧಿನಿಯಮವು ಗದ್ದೆಯನ್ನು ತುಂಬಿಸುವುದನ್ನು ನಿರ್ಬಂಧಿಸಿದೆ. ಗದ್ದೆಯ ಒಡೆಯನೇ ತನ್ನ ವಾಸದ ಮನೆಗಾಗಿ ಅನುಮತಿ ಕೇಳಿದರೂ ಪಂಚಾಯತು ಪ್ರದೇಶದಲ್ಲಿ ದೊರೆಯುವ ಮಿತಿ 10 ಸೆಂಟ್ಸ್. ಹೀಗಿರುವಾಗ ಪದವನ್ನು ಬಿಟ್ಟರೆ ಬೇರೆ ಜಾಗ ಎಲ್ಲಿದೆ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ.

ಇಳಿಜಾರಿನವರ ಆತಂಕ ನೀರಿನದು. ಕಾಸರಗೋಡಿನ ಉತ್ತರ ಭಾಗದ ಅನೇಕ ಮನೆಗಳಿಗೂ ತೋಟಗಳಿಗೂ ನೀರು ಬರುವುದು ಸುರಂಗಗಳಿಂದ. ಗುಡ್ಡದ ಮೈಯಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ಹೋಗಬಹುದಾದಷ್ಟು ಕಿರಿದಾಗಿ ತೋಡಿದ ಈ ಬಿಲಗಳಲ್ಲಿ ನೀರು ತಾನಾಗಿ ಜಿನುಗಿ ಹೊರಗೆ ಹರಿಯುತ್ತದೆ. ಎತ್ತುವ ಯಂತ್ರವಾಗಲಿ ವಿದ್ಯುತ್ತಾಗಲಿ ಬೇಕಿಲ್ಲ. ಬಾಯಾರು ಮೊದಲಾದ ಕಡೆಗಳಲ್ಲಿ ಇವು ಇಂದಿಗೂ ಬಳಕೆಯಲ್ಲಿವೆ. ಆ ನೀರಿನ ಮೂಲ ಮೇಲಿನ ಪದವು. ಮಳೆಗಾಲದಲ್ಲಿ ಪದವಿನ ಮೇಲೆ ಬಿದ್ದ ನೀರು ರಂಧ್ರಮಯವಾದ ಮುರಕಲ್ಲಿನೊಳಗೆ ಇಳಿಯುತ್ತದೆ. ಅಡಿಯಲ್ಲಿರುವ ಜೇಡಿಯ ಪದರ ಅದನ್ನು ತಡೆದು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಅದು ಸುರಂಗದ ಬಾಯಿಯಲ್ಲಿ ಕಾಣಿಸಿಕೊಳ್ಳುತ್ತದೆ. ಪದವನ್ನು ತಗ್ಗಿಸಿ ಕಾಂಕ್ರೀಟು ಹಾಸಿದರೆ ಮಳೆನೀರು ಇಂಗದೆ ಹರಿದುಹೋಗುತ್ತದೆ. ಇನ್ನೊಂದು ಆತಂಕ ಶೌಚಗುಂಡಿಗಳದು. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿಗೆ 7.5 ಮೀಟರ್ ಅಂತರವಿರಬೇಕೆಂದು ಕೇರಳದ ಕಟ್ಟಡ ನಿಯಮಗಳು ಹೇಳುತ್ತವೆ. ಆದರೆ ಆ ಅಳತೆ ಬಾವಿಯನ್ನು ಕುರಿತದ್ದು. ಗುಡ್ಡದೊಳಗೆ ಅಡ್ಡಲಾಗಿ ಸಾಗಿದ ಸುರಂಗದ ತುದಿ ಯಾರ ಅಂಗಳದ ಕೆಳಗಿದೆ ಎಂಬುದನ್ನು ಮೇಲಿನಿಂದ ನೋಡಿ ಹೇಳಲಾಗದು.

ಇವೆರಡರ ನಡುವೆ ಬೇರೆ ದನಿಗಳೂ ಇರುತ್ತವೆ. ಪದವಿನಲ್ಲಿ ಗಿಡ್ಡ ತಳಿಯ ದನಗಳನ್ನು ಮೇಯಿಸುವವರು, ಕಟ್ಟಡದ ಕೆಲಸದಿಂದ ಕೂಲಿಯನ್ನು ನಿರೀಕ್ಷಿಸುವವರು, ಹೊಸ ಮನೆಗಳಿಂದ ಮಕ್ಕಳ ಸಂಖ್ಯೆ ಹೆಚ್ಚಿ ತಮ್ಮ ಶಾಲೆ ಉಳಿದೀತೆಂದು ಹಾರೈಸುವವರು ಇರಬಹುದು. ಇವರಲ್ಲಿ ಯಾರನ್ನೂ ಖಳರನ್ನಾಗಿ ಚಿತ್ರಿಸದಿರುವುದು ಅಧ್ಯಾಪಕರ ಮೊದಲ ಹೊಣೆ.

ನಿರ್ಧರಿಸುವವರು ಯಾರು?

ಈ ಹಂತದಲ್ಲಿ ಮಕ್ಕಳು ‘ಹಾಗಾದರೆ ಕೈ ಎತ್ತಿ ಮತ ಹಾಕೋಣ’ ಎನ್ನುವುದು ಸಹಜ. ಗ್ರಾಮಸಭೆಯ ಅಧಿಕಾರದ ಮಿತಿಯನ್ನು ಆಗ ಸ್ಪಷ್ಟಪಡಿಸಬೇಕು. ಕಟ್ಟಡಕ್ಕೆ ಪರವಾನಗಿ ಕೊಡುವುದು ಗ್ರಾಮಸಭೆಯಲ್ಲ. 2019ರ ಪಂಚಾಯತು ಕಟ್ಟಡ ನಿಯಮಗಳಂತೆ ಅದು ಪಂಚಾಯತಿನ ಕಾರ್ಯದರ್ಶಿಯ ಕೆಲಸ. ಯೋಜನೆಯನ್ನು ಅಂಗೀಕರಿಸುವುದು ಪಂಚಾಯತಿನ ಆಡಳಿತ ಸಮಿತಿ. ಗ್ರಾಮಸಭೆ ಸಲಹೆ ನೀಡುತ್ತದೆ, ಆದ್ಯತೆಯನ್ನು ಸೂಚಿಸುತ್ತದೆ, ಫಲಾನುಭವಿಗಳ ಪಟ್ಟಿಯನ್ನು ಪರಿಶೀಲಿಸುತ್ತದೆ.

ಹಾಗೆಂದು ಅದರ ಮಾತು ಹಗುರವಲ್ಲ. ಗ್ರಾಮಸಭೆಯ ಶಿಫಾರಸುಗಳಿಗೆ ಪಂಚಾಯತು ತಕ್ಕ ಗಮನ ಕೊಡಬೇಕೆಂದು ಅಧಿನಿಯಮವೇ ವಿಧಿಸಿದೆ. ತನ್ನ ಪ್ರದೇಶವನ್ನು ಕುರಿತ ನಿರ್ಧಾರಗಳ ಹಿಂದಿನ ಕಾರಣವನ್ನು ತಿಳಿಯುವ ಹಕ್ಕೂ, ತಾನು ಕೈಗೊಂಡ ತೀರ್ಮಾನಗಳ ಮೇಲೆ ಏನು ಕ್ರಮವಾಯಿತೆಂದು ಕೇಳುವ ಹಕ್ಕೂ ಗ್ರಾಮಸಭೆಗೆ ಇವೆ. ಈ ಹಕ್ಕುಗಳು ಫಲಿಸಬೇಕಾದರೆ ಸಭೆಯಲ್ಲಿ ಆಡಿದ ಮಾತು ನಡಾವಳಿಯಲ್ಲಿ ಇರಬೇಕು. ಮೇಲಿನ ಸಮಿತಿ ಓದುವುದು ನಡಾವಳಿಯನ್ನು ಮಾತ್ರ. ಮುಂದಿನ ಸಭೆಯಲ್ಲಿ ಉತ್ತರ ಕೇಳುವಾಗ ಆಧಾರವಾಗುವುದೂ ಅದೇ.

ಮಾತು ದಾಖಲೆಯಾಗುವಾಗ

ನಮ್ಮ ಪ್ರದೇಶದ ವಿಶೇಷ ಪ್ರಶ್ನೆ ಇಲ್ಲಿದೆ. ಮಾತನಾಡುವವರು ಕನ್ನಡಿಗರು, ಅಥವಾ ಮನೆಯಲ್ಲಿ ತುಳುವನ್ನೋ ಬೇರೆ ನುಡಿಯನ್ನೋ ಆಡಿ ಕನ್ನಡದಲ್ಲಿ ಓದು ಕಲಿತವರು. ದಾಖಲೆ ಬರೆಯುವವರು ಬಹುಮಟ್ಟಿಗೆ ಮಲಯಾಳದಲ್ಲಿ ಬರೆಯುತ್ತಾರೆ. ಎರಡು ಭಾಷೆಗಳೂ ಸಂಸ್ಕೃತದಿಂದ ಪಡೆದ ಒಂದೇ ಶಬ್ದ ಎರಡೂ ಕಡೆ ಪರಿಚಿತವಾಗಿ ಕೇಳಿಸುತ್ತದೆ. ಅರ್ಥ ಮಾತ್ರ ಬೇರೆ. ತಪ್ಪು ತಿಳಿವಳಿಕೆ ಹುಟ್ಟುವುದು ತಿಳಿಯದ ಮಾತಿನಿಂದಲ್ಲ, ತಿಳಿದಿದೆಯೆಂದು ತೋರುವ ಮಾತಿನಿಂದ. ಕೆಳಗಿನ ಐದನ್ನು ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಅವಶ್ಯವಾಗಿ ಪರಿಚಯಿಸಬೇಕು.

ಅಪೇಕ್ಷೆ: ಕನ್ನಡದಲ್ಲಿ ಬಯಕೆ. ಮಲಯಾಳದ ‘ಅಪೇಕ್ಷ’ ಅರ್ಜಿ. ಮನೆಗಾಗಿ ‘ಅಪೇಕ್ಷ’ ಕೊಡಬೇಕೆಂದು ಅಧಿಕಾರಿ ಹೇಳಿದಾಗ ಸಭೆಯಲ್ಲಿ ಎದ್ದುನಿಂತು ಬಯಕೆಯನ್ನು ಹೇಳಿದರೆ ಸಾಲದು, ಬರೆದು ಸಲ್ಲಿಸಬೇಕು.

ಪ್ರಮೇಯ: ನಮ್ಮ ಮಕ್ಕಳಿಗೆ ಇದು ಗಣಿತದ ಪಾಠ, ಪೈಥಾಗೊರಸನದು. ಮಲಯಾಳದ ‘ಪ್ರಮೇಯಂ’ ಸಭೆಯ ಮುಂದೆ ಮಂಡಿಸುವ ನಿರ್ಣಯ.

ನಿಯಮ: ಕನ್ನಡದ ಆಡಳಿತ ಭಾಷೆಯಲ್ಲಿ ಶಾಸನಸಭೆ ಮಾಡಿದ್ದು ಅಧಿನಿಯಮ, ಅದರಡಿಯಲ್ಲಿ ಸರಕಾರ ರಚಿಸಿದ್ದು ನಿಯಮ. ಮಲಯಾಳದಲ್ಲಿ ಮೊದಲನೆಯದು ‘ನಿಯಮಂ’, ಎರಡನೆಯದು ‘ಚಟ್ಟಂ’.

ಅವಕಾಶ: ಕನ್ನಡದಲ್ಲಿ ಸಂದರ್ಭ, ಎಡೆ. ಮಲಯಾಳದಲ್ಲಿ ‘ಅವಕಾಶಂ’ ಎಂದರೆ ಹಕ್ಕು. ‘ಇದು ನಿಮ್ಮ ಅವಕಾಶ’ ಎಂದು ಅಧಿಕಾರಿ ಹಕ್ಕನ್ನು ನೆನಪಿಸುತ್ತಿರುವಾಗ ಕೇಳುವವನು ಅದನ್ನು ಯಾರೋ ಕೊಟ್ಟ ಸಂದರ್ಭವೆಂದು ತಿಳಿದು ಕೈಮುಗಿದಾನು.

ತರಿಶು: ಮಲಯಾಳದಲ್ಲಿ ಬಂಜರು ಅಥವಾ ಬೀಳುಭೂಮಿ. ಕನ್ನಡದಲ್ಲಿ ‘ತರಿ’ ಎಂದರೆ ಇದಕ್ಕೆ ನೇರ ವಿರುದ್ಧವಾಗಿ ನೀರಾವರಿಯ ಗದ್ದೆ.

ಕೊನೆಯ ಶಬ್ದದ ಮೇಲೆ ಸ್ವಲ್ಪ ನಿಲ್ಲಬೇಕು. ಪದವನ್ನು ದಾಖಲೆಯಲ್ಲಿ ಬಂಜರೆಂದು ಬರೆದ ಕೂಡಲೆ ಅಲ್ಲಿ ಏನೂ ಇಲ್ಲವೆಂಬ ಅಭಿಪ್ರಾಯ ಮೂಡುತ್ತದೆ; ಅಲ್ಲಿ ಕಟ್ಟಿದರೆ ನಷ್ಟವೇನು ಎಂಬ ವಾದಕ್ಕೆ ಅರ್ಧ ಜಯ ದೊರೆಯುತ್ತದೆ. ಊರಿನವರ ‘ಪದವು’ ಎಂಬ ಶಬ್ದದಲ್ಲಿ ಮಳೆಗಾಲದ ಹುಲ್ಲು, ದನಗಳ ಮೇವು, ಮದಕದಲ್ಲಿ ನಿಲ್ಲುವ ನೀರು, ಕೆಳಗಿನ ಸುರಂಗ ಎಲ್ಲವೂ ಅಡಗಿವೆ. ಸುರಂಗ, ಮದಕ, ಕಟ್ಟ, ಮಜಲು, ಬೈಲು ಮುಂತಾದ ಶಬ್ದಗಳನ್ನು ಅನುವಾದಿಸದೆ ಇದ್ದಂತೆಯೇ ದಾಖಲಿಸಿ, ಅರ್ಥವನ್ನು ಪಕ್ಕದಲ್ಲಿ ಬರೆಯುವಂತೆ ಕೇಳುವುದು ಸಾಧುವಾದ ಕ್ರಮ.

ಕನ್ನಡದಲ್ಲಿ ಬರೆದು ಕೊಡಲು ಕಾನೂನಿನ ಆಧಾರವೂ ಇದೆ. ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಅಧಿನಿಯಮವು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ, ಹಾಗೂ ಅವರು ನೆಲೆಸಿರುವುದಾಗಿ ಘೋಷಿತವಾದ ಪ್ರದೇಶಗಳ ಸರಕಾರಿ ಕಚೇರಿಗಳೊಂದಿಗೆ, ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದೆಂದೂ, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದೂ ಹೇಳುತ್ತದೆ. ಬಳಸದೆ ಇಟ್ಟ ಹಕ್ಕು ಕ್ರಮೇಣ ಮರೆತುಹೋಗುತ್ತದೆ. ಹಾಗೆಯೇ ಮಲಯಾಳವನ್ನು ಕಲಿಯುವುದನ್ನು ಈ ಹಕ್ಕಿಗೆ ವಿರೋಧವೆಂದು ಮಕ್ಕಳ ಮನಸ್ಸಿನಲ್ಲಿ ಬಿಂಬಿಸಬಾರದು. ತನ್ನ ಮಾತು ಇನ್ನೊಂದು ಭಾಷೆಯಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂದು ಪರೀಕ್ಷಿಸಲು ಆ ಭಾಷೆಯೂ ಬೇಕು.

ತರಗತಿಯಲ್ಲಿ

ಈ ಚಟುವಟಿಕೆಗೆ ಎರಡು ಪಾಠಾವಧಿಗಳು ಸಾಕು. ಮೊದಲ ಅವಧಿಯಲ್ಲಿ ಮಕ್ಕಳನ್ನು ಮನೆ ಬೇಡುವವರು, ಸುರಂಗದ ನೀರಿನವರು, ದನ ಮೇಯಿಸುವವರು, ಸಂಚಾಲಕರು, ನಡಾವಳಿ ಬರೆಯುವವರು ಎಂದು ವಿಂಗಡಿಸಿ ಸಭೆ ನಡೆಸಿ. ಪ್ರತಿಯೊಬ್ಬರೂ ಮೊದಲು ಎದುರುಪಕ್ಷದ ಒಂದು ಮಾತನ್ನು ಆ ಪಕ್ಷದವರು ಒಪ್ಪುವಂತೆ ಹೇಳಿ, ಅನಂತರ ತಮ್ಮ ಮಾತನ್ನು ಹೇಳಲಿ. ‘ಬೇಡ’ ಎನ್ನುವವರು ಬೇರೆ ದಾರಿಯನ್ನೂ ಸೂಚಿಸಲಿ: ಮನೆಗಳನ್ನು ಪದವಿನ ಅಂಚಿಗೆ ಸರಿಸಬಹುದೇ, ಸುರಂಗಗಳ ಜಾಡನ್ನು ಮೊದಲು ಗುರುತಿಸಬಹುದೇ, ಛಾವಣಿಯ ನೀರನ್ನು ಅಲ್ಲಿಯೇ ಇಂಗಿಸಬಹುದೇ, ಶೌಚಜಲಕ್ಕೆ ಇಂಗುಗುಂಡಿಯ ಬದಲು ಸಾಮೂಹಿಕ ಶುದ್ಧೀಕರಣ ಸಾಧ್ಯವೇ?

ಎರಡನೆಯ ಅವಧಿ ನಡಾವಳಿಯದು. ಕೆಳಗಿನ ಎರಡು ಮಾದರಿಗಳನ್ನು ಕಪ್ಪುಹಲಗೆಯಲ್ಲಿ ಬರೆಯಿರಿ.

ಮೊದಲನೆಯದು: ‘ಪದವಿನಲ್ಲಿ ಮನೆ ಕಟ್ಟುವ ಬಗ್ಗೆ ಚರ್ಚಿಸಲಾಯಿತು. ಕೆಲವರು ವಿರೋಧ ವ್ಯಕ್ತಪಡಿಸಿದರು. ಅಂಗೀಕರಿಸಲಾಯಿತು.’

ಎರಡನೆಯದು: ‘ಭೂರಹಿತರಿಗೆ 40 ಮನೆಗಳನ್ನು ಕಟ್ಟುವ ಅಗತ್ಯವನ್ನು ಸಭೆ ಒಪ್ಪಿತು. ಇಳಿಜಾರಿನ ಮನೆಗಳಿಗೆ ಸುರಂಗವೇ ಬೇಸಿಗೆಯ ನೀರಿನ ಮೂಲವೆಂದು ಅಲ್ಲಿನ ನಿವಾಸಿಗಳು ತಿಳಿಸಿದರು. ಸುರಂಗಗಳ ಜಾಡನ್ನು ಗುರುತಿಸಿದ ಮೇಲೆ ಮನೆಗಳ ಸ್ಥಾನವನ್ನು ನಿಗದಿಪಡಿಸಬೇಕೆಂದು ಶಿಫಾರಸು ಮಾಡಲಾಯಿತು. ಇದಕ್ಕೆ ಕಾಲ ವಿಳಂಬವಾಗುವುದೆಂದು ಮನೆ ಬೇಡಿದವರು ಭಿನ್ನಮತವನ್ನು ದಾಖಲಿಸಿದರು. ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ತಿಳಿಸಬೇಕು.’

ಎರಡನ್ನೂ ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಮೂರು ತಿಂಗಳ ಅನಂತರ ಮತ್ತೆ ಸಭೆ ಸೇರಿದಾಗ, ಯಾವ ನಡಾವಳಿಯನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಬಹುದು? ಮೊದಲ ಮಾದರಿಯಿಂದ ನೀರಿನವರಿಗಷ್ಟೇ ಅಲ್ಲ, ಮನೆ ಬೇಡಿದವರಿಗೂ ಉಪಯೋಗವಿಲ್ಲ ಎಂಬುದನ್ನು ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ.

ಮೌಲ್ಯಮಾಪನದಲ್ಲಿ ಯಾವ ಪಕ್ಷ ಗೆದ್ದಿತು ಎಂಬುದಕ್ಕೆ ಅಂಕ ಬೇಡ. ಇತರರ ಮಾತನ್ನು ಬಣ್ಣ ಕಟ್ಟದೆ ದಾಖಲಿಸಿದ್ದಕ್ಕೆ, ಸ್ಥಳದ ಶಬ್ದಗಳನ್ನು ನಿಖರವಾಗಿ ಬಳಸಿದ್ದಕ್ಕೆ, ಅಧಿಕಾರ ಯಾರದೆಂದು ಸರಿಯಾಗಿ ಗುರುತಿಸಿದ್ದಕ್ಕೆ ಅಂಕ ಕೊಡಿ. ಮುಂದುವರಿದ ಕೆಲಸವಾಗಿ, ವಾರ್ಡಿನ ಮುಂದಿನ ಗ್ರಾಮಸಭೆಗೆ ಮನೆಯ ಹಿರಿಯರೊಂದಿಗೆ ಹೋಗಿ, ಅಲ್ಲಿ ಕೇಳಿದ ಹತ್ತು ಆಡಳಿತ ಶಬ್ದಗಳನ್ನೂ ಅವುಗಳ ಕನ್ನಡ ಅರ್ಥವನ್ನೂ ಬರೆದು ತರಲು ಹೇಳಬಹುದು. ಆ ಪಟ್ಟಿಗಳನ್ನು ವರ್ಷ ವರ್ಷ ಸೇರಿಸುತ್ತಾ ಹೋದರೆ, ಊರಿನ ಹಿರಿಯರೂ ಬಂದು ನೋಡಬಹುದಾದ ಒಂದು ಕಿರು ಶಬ್ದಕೋಶ ಶಾಲೆಯಲ್ಲಿ ಸಿದ್ಧವಾಗುತ್ತದೆ.