ಶಾಲೆಯ ಎರಡನೆಯ ಕುರ್ಚಿ

ಹಳೆಯ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರ ಕೊಠಡಿಗೆ ಕಾಲಿಟ್ಟರೆ ಗೋಡೆಯ ಮೇಲೊಂದು ಮರದ ಹಲಗೆ ಕಣ್ಣಿಗೆ ಬೀಳುತ್ತದೆ. ಶಾಲೆ ಆರಂಭವಾದಾಗಿನಿಂದ ಅಲ್ಲಿ ಸೇವೆ ಸಲ್ಲಿಸಿದ ಮುಖ್ಯಸ್ಥರ ಹೆಸರು, ಅವಧಿ ಎಲ್ಲವೂ ಬಿಳಿ ಬಣ್ಣದಲ್ಲಿ ಬರೆದಿರುತ್ತವೆ. ಆದರೆ ಆ ಮುಖ್ಯಸ್ಥರು ಮೀಟಿಂಗಿಗೆಂದು ತಾಲ್ಲೂಕು ಕೇಂದ್ರಕ್ಕೆ ಹೋದಾಗ, ರಜೆ ಹಾಕಿದಾಗ, ವರ್ಗವಾಗಿ ಹೊಸಬರು ಬರುವವರೆಗೆ ಶಾಲೆಯನ್ನು ನಡೆಸಿದವರು ಯಾರು? ಅವರ ಹೆಸರಿನ ಹಲಗೆ ಎಲ್ಲಿಯೂ ಸಿಗುವುದಿಲ್ಲ. ಉಪ ಪ್ರಾಂಶುಪಾಲ, ಉಪ ಮುಖ್ಯೋಪಾಧ್ಯಾಯ, ವೈಸ್ ಪ್ರಿನ್ಸಿಪಾಲ್, ಹಿರಿಯ ಸಹ ಶಿಕ್ಷಕ ಎಂದು ಊರಿಗೊಂದು ಹೆಸರಿನಿಂದ ಕರೆಸಿಕೊಳ್ಳುವ ಈ ಎರಡನೆಯ ಸ್ಥಾನಕ್ಕೆ ಮಾತ್ರ ಶಾಲೆಯಷ್ಟೇ ಹಳೆಯ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬಳ್ಳಾರಿ ಸೀಮೆಯಲ್ಲಿ.

ಅಂಗೈ ಮೇಲಿನ ಸೊನ್ನೆ

1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಎಲ್ಲ ಜಿಲ್ಲೆಗಳಿಂದ ನಾಡಶಾಲೆಗಳ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿ ಇಂದಿಗೂ ಶಿಕ್ಷಣ ಚರಿತ್ರೆಯನ್ನು ಓದುವವರ ಕೈಪಿಡಿ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಈಗಿನ ಅನಂತಪುರದ ಭಾಗವೂ ಸೇರಿತ್ತು. ಆ ಲೆಕ್ಕದಂತೆ ಅಲ್ಲಿದ್ದ ಶಾಲೆಗಳು 533. ಕನ್ನಡ ಕಲಿಸುವವು 235, ತೆಲುಗಿನವು 226; ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು. ಇಂಗ್ಲಿಷಿನದು ಒಂದೇ ಒಂದು. ಕಲಿಯುತ್ತಿದ್ದವರು 6,641 ಮಂದಿ.

ಈ ಶಾಲೆಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಒಬ್ಬನೇ ಗುರು. ಮಕ್ಕಳಿಂದ ಬಂದ ಕಾಸು, ಕಾಳುಗಳ ಮೇಲೆ ಬದುಕುತ್ತಿದ್ದ ಆತ ವರ್ಣಮಾಲೆ ತಿದ್ದುವ ಮಗುವಿನಿಂದ ಹಿಡಿದು ಲೆಕ್ಕಪತ್ರ ಬರೆಯುವ ಹುಡುಗನವರೆಗೆ ಎಲ್ಲರನ್ನೂ ಒಬ್ಬನೇ ನೋಡಿಕೊಳ್ಳುವುದು ಹೇಗೆ? ಅದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಮುಂದಿನ ಪಾಠ ಕಲಿತ ಹಿರಿಯ ಹುಡುಗರು ಕಿರಿಯರಿಗೆ ಕಲಿಸುತ್ತಿದ್ದರು. ಗುರು ಮೇಲಿನ ತರಗತಿಗಳನ್ನು ನೇರವಾಗಿ ನೋಡಿಕೊಂಡು, ಉಳಿದವರ ಮೇಲೊಂದು ಕಣ್ಣಿಟ್ಟಿರುತ್ತಿದ್ದ. ಕಲಿಸುವವನ ಕಲಿಕೆಯೂ ಇದರಿಂದ ಗಟ್ಟಿಯಾಗುತ್ತದೆ ಎಂದು ಮೆಚ್ಚಿಕೊಂಡ ಕ್ಯಾಂಪ್‌ಬೆಲ್, ಇಂಗ್ಲೆಂಡ್ ಈ ಪದ್ಧತಿಯನ್ನು ಅನುಸರಿಸಿದ್ದು ಯೋಗ್ಯವೇ ಆಗಿದೆ ಎಂದು ಬರೆದ. ಶಾಲೆಯ ‘ಎರಡನೆಯವನು’ ಮೊದಲು ಕಾಣಿಸಿಕೊಳ್ಳುವುದು ಈ ಹಿರಿಯ ವಿದ್ಯಾರ್ಥಿಯ ರೂಪದಲ್ಲಿ.

ಅದೇ ವರದಿಯಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿ ಇದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಬಂದ ಹುಡುಗನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯದಾಗಿ ಬಂದವನ ಅಂಗೈ ಮೇಲೆ ಒಂದು ಸೊನ್ನೆ. ಹೊಗಳಿಕೆಗೂ ಸಲ್ಲ, ತೆಗಳಿಕೆಗೂ ಸಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಹೆಚ್ಚು. ಶಾಲೆಯ ಎರಡನೆಯ ಸ್ಥಾನದಲ್ಲಿ ಕೂತವರು ಈ ಸೊನ್ನೆಯನ್ನು ಇಂದಿಗೂ ಬಲ್ಲರು. ಫಲಿತಾಂಶ ಚೆನ್ನಾಗಿ ಬಂದರೆ ಹಾರ ಮುಖ್ಯಸ್ಥರ ಕೊರಳಿಗೆ; ಶಾಲೆ ಸುಗಮವಾಗಿ ನಡೆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಗ್ಮೋರಿನಿಂದ ಲಂಡನ್ನಿಗೆ

ಕ್ಯಾಂಪ್‌ಬೆಲ್ ಹೇಳಿದ ‘ಅನುಸರಣೆ’ಯ ಕಥೆ ಆರಂಭವಾದದ್ದು ಮದರಾಸಿನಲ್ಲಿ. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ 1789ರಲ್ಲಿ ಎಗ್ಮೋರಿನ ಸೈನಿಕ ಅನಾಥಾಲಯದ ಮೇಲ್ವಿಚಾರಕನಾದ. ಮಲಬಾರಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ನೋಡಿ ಅದನ್ನೇ ತನ್ನ ಶಾಲೆಯಲ್ಲಿ ಜಾರಿಗೆ ತರಬೇಕೆಂದುಕೊಂಡ. ಕೆಳಗಿನ ತರಗತಿಯ ಸಹಾಯಕ ಉಪಾಧ್ಯಾಯ ಇದು ಆಗದ ಮಾತೆಂದ. ಬೆಲ್ ಹಟ ಬಿಡಲಿಲ್ಲ. ಸಾಮಾನ್ಯ ಸಿಪಾಯಿಯೊಬ್ಬನ ಮಗನಾದ ಜಾನ್ ಫ್ರಿಸ್ಕನ್ ಎಂಬ ಸುಮಾರು ಎಂಟು ವರ್ಷದ ಹುಡುಗನಿಗೇ ಆ ತರಗತಿಯನ್ನು ಒಪ್ಪಿಸಿದ. ಹುಡುಗ ಗೆದ್ದ.

1797ರಲ್ಲಿ ಬೆಲ್ ಈ ಪ್ರಯೋಗದ ವಿವರವನ್ನು ಲಂಡನ್ನಿನಲ್ಲಿ ಪ್ರಕಟಿಸಿದ. ಅದು ‘ಮದರಾಸು ಪದ್ಧತಿ’ ಎಂದು ಹೆಸರಾಯಿತು. ಅದೇ ಕಾಲದಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬವನೂ ಇದಕ್ಕೆ ಹೋಲುವ ಶಾಲೆ ನಡೆಸಿ, ಒಬ್ಬನೇ ಶಿಕ್ಷಕ ನೂರಾರು ಮಕ್ಕಳಿಗೆ ಕಲಿಸಬಹುದೆಂದು ಸಾರಿದ. ಅಗ್ಗದ ಶಿಕ್ಷಣ ಬೇಕಾಗಿದ್ದ ಇಂಗ್ಲೆಂಡಿಗೆ ಇದು ಹಿಡಿಸಿತು. ಆದರೆ ಮಕ್ಕಳ ಕೈಲೇ ಪಾಠ ಮಾಡಿಸುವುದರ ಮಿತಿ ಬೇಗನೆ ಗೊತ್ತಾಯಿತು. ಬಾಯಿಪಾಠ ನಡೆಯುತ್ತಿತ್ತು, ತಿಳಿವಳಿಕೆ ಬೆಳೆಯುತ್ತಿರಲಿಲ್ಲ. 1846ರಲ್ಲಿ ಅಲ್ಲಿನ ಸರ್ಕಾರ ತರಬೇತಿ ಪಡೆಯುತ್ತಲೇ ಕಲಿಸುವ ವಿದ್ಯಾರ್ಥಿ-ಶಿಕ್ಷಕರ ಯೋಜನೆ ತಂದಿತು. ಎರಡನೆಯವನಿಗೂ ತರಬೇತಿ ಬೇಕು, ಸಂಬಳ ಬೇಕು ಎಂಬುದು ಅಧಿಕೃತವಾಗಿ ಒಪ್ಪಿತವಾಯಿತು.

ಬಾಗಿಲಲ್ಲಿ ನಿಂತವನು

ಬೆಲ್‌ನ ಮಾತು ಕೇಳದ ಆ ಸಹಾಯಕನನ್ನು ಇಂಗ್ಲಿಷಿನಲ್ಲಿ ‘ಅಷರ್’ ಎನ್ನುತ್ತಿದ್ದರು. ಇಂದು ಸಿನಿಮಾ ಮಂದಿರದಲ್ಲಿ ಟಾರ್ಚು ಹಿಡಿದು ಆಸನ ತೋರಿಸುವವರಿಗೆ ಉಳಿದಿರುವ ಹೆಸರು ಅದು. ಮೂಲ ಅರ್ಥ ಬಾಗಿಲು ಕಾಯುವವನು. 1382ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ವಿಂಚೆಸ್ಟರ್ ಕಾಲೇಜಿನಲ್ಲಿ ಎರಡನೆಯ ಉಪಾಧ್ಯಾಯನಿಗೆ ಲ್ಯಾಟಿನ್ನಿನಲ್ಲಿ ‘ಹೋಸ್ಟಿಯಾರಿಯಸ್’, ಅಂದರೆ ದ್ವಾರಪಾಲಕ ಎಂಬ ಹೆಸರಿತ್ತು. ಹೊಸದಾಗಿ ಬಂದ ಕಿರಿಯ ಮಕ್ಕಳಿಗೆ ಕಲಿಸುವುದು ಇಂಥವರ ಪಾಲಿನ ಕೆಲಸ.

ಹೆಸರು ಹೋಯಿತು, ಕೆಲಸ ಹೋಗಲಿಲ್ಲ. ಬೆಳಗಿನ ಬೆಲ್ಲಿಗೆ ಮುಂಚೆ ಗೇಟಿನ ಬಳಿ ನಿಂತು, ತಡವಾಗಿ ಬಂದವರನ್ನು ವಿಚಾರಿಸುವವರು ಇಂದಿಗೂ ಹೆಚ್ಚಿನ ಶಾಲೆಗಳಲ್ಲಿ ಎರಡನೆಯ ಸ್ಥಾನದವರೇ. ಯಾರ ಸಮವಸ್ತ್ರ ಹರಿದಿದೆ, ಯಾರು ಬರಿಗಾಲಲ್ಲಿ ಬಂದಿದ್ದಾರೆ, ಯಾರ ಮುಖ ಬಾಡಿದೆ ಎಂಬುದು ಮೊದಲು ಗೊತ್ತಾಗುವುದು ಆ ಜಾಗದಲ್ಲಿ ನಿಂತವರಿಗೆ.

‘ಉಪ’ ಎಂದರೆ ಹತ್ತಿರ

ಕನ್ನಡದಲ್ಲಿ ‘ಉಪ’ ಎಂದೊಡನೆ ಕೆಳಗಿನದು, ಸಣ್ಣದು ಎಂಬ ಭಾವನೆ ಬರುತ್ತದೆ. ಆದರೆ ಸಂಸ್ಕೃತದ ಈ ಉಪಸರ್ಗಕ್ಕೆ ಹತ್ತಿರ, ಸಮೀಪ ಎಂಬ ಅರ್ಥವೂ ಇದೆ. ಯಾರ ಬಳಿಗೆ ಹೋಗಿ ಕಲಿಯುತ್ತೇವೆಯೋ ಅವನೇ ಉಪಾಧ್ಯಾಯ. ಇನ್ನು ‘ಪ್ರಾಂಶು’ ಎಂದರೆ ಎತ್ತರದ್ದು. ಪ್ರಿನ್ಸಿಪಾಲ್ ಎಂಬ ಇಂಗ್ಲಿಷ್ ಮಾತಿನ ಸದ್ದನ್ನೂ ಹೊತ್ತು ನಿಂತ ಪದ ‘ಪ್ರಾಂಶುಪಾಲ’. ಹಾಗೆ ನೋಡಿದರೆ ಎತ್ತರದಲ್ಲಿರುವವರಿಗೂ ಮಕ್ಕಳಿಗೂ ನಡುವೆ ಹತ್ತಿರದಲ್ಲಿ ಇರುವವರು ಉಪ ಪ್ರಾಂಶುಪಾಲರು. ಹುದ್ದೆಯ ಸಾರ ಹೆಸರಿನಲ್ಲೇ ಇದೆ.

ಕರ್ನಾಟಕದಲ್ಲಿ ಈ ಹುದ್ದೆಗೆ ಒಂದು ವಿಶೇಷ ರೂಪವಿದೆ. ಕೊಠಾರಿ ಆಯೋಗದ (1964-66) ನಂತರ 10+2 ಮಾದರಿ ಚರ್ಚೆಗೆ ಬಂದು, 1970ರ ದಶಕದಲ್ಲಿ ಎರಡು ವರ್ಷಗಳ ಪಿಯುಸಿ ನೆಲೆಯೂರಿತು. ಅನೇಕ ಊರುಗಳಲ್ಲಿ ಇದ್ದ ಹೈಸ್ಕೂಲಿನ ಆವರಣದಲ್ಲೇ ಪದವಿಪೂರ್ವ ಕಾಲೇಜು ತೆರೆಯಿತು. ಇಂಥ ಸಂಯುಕ್ತ ಕಾಲೇಜಿನಲ್ಲಿ ಪ್ರಾಂಶುಪಾಲರು ಮುಖ್ಯಸ್ಥರು. ಪ್ರೌಢಶಾಲಾ ವಿಭಾಗದ ಹೊಣೆ ಉಪ ಪ್ರಾಂಶುಪಾಲರದು. ಇಲಾಖೆಯ ಲೆಕ್ಕದಲ್ಲಿ ಅವರು ಪ್ರೌಢಶಾಲೆಯ ಮುಖ್ಯ ಶಿಕ್ಷಕರಿಗೆ ಸಮಾನರು. ಅಂದರೆ ತಮ್ಮ ವಿಭಾಗಕ್ಕೆ ಮೊದಲಿಗರು, ಕಾಂಪೌಂಡಿಗೆ ಎರಡನೆಯವರು. ಹೈಸ್ಕೂಲಿನ ಕಡತ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯತ್ತ ಹೋದರೆ, ಕಾಲೇಜಿನ ಕಡತ ಪದವಿಪೂರ್ವ ಶಿಕ್ಷಣದ ಉಪನಿರ್ದೇಶಕರ ಕಚೇರಿಯತ್ತ ಹೋಗುತ್ತದೆ. ಆದರೆ ಆಟದ ಮೈದಾನ ಒಂದೇ, ನೀರಿನ ತೊಟ್ಟಿ ಒಂದೇ, ಎಷ್ಟೋ ಕಡೆ ಪ್ರಯೋಗಾಲಯವೂ ಒಂದೇ. ಇವುಗಳ ಹಂಚಿಕೆ ಯಾವ ಸುತ್ತೋಲೆಯಿಂದಲೂ ಸುಸೂತ್ರವಾಗುವುದಿಲ್ಲ. ಇಬ್ಬರು ಮುಖ್ಯಸ್ಥರು ಕೂತು ಮಾತಾಡಿದರೆ ಮಾತ್ರ ಆಗುತ್ತದೆ.

2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಈ ಏರ್ಪಾಡು ಇನ್ನಷ್ಟು ಹಿಗ್ಗಿದೆ. ಶಿಶು ತರಗತಿಯಿಂದ ಪಿಯುಸಿವರೆಗೆ ಎಲ್ಲವೂ ಒಂದೇ ಆವರಣದಲ್ಲಿ. ಕೆಳಗೆ ಪ್ರಾಥಮಿಕ ವಿಭಾಗದ ಮುಖ್ಯ ಶಿಕ್ಷಕರು, ಮೇಲೆ ಪ್ರಾಂಶುಪಾಲರು, ನಡುವೆ ಉಪ ಪ್ರಾಂಶುಪಾಲರು. ಇಂಥ ಯಾವ ಹುದ್ದೆಯೂ ಇಲ್ಲದ ಸಾವಿರಾರು ಶಾಲೆಗಳಲ್ಲಿ ಹಿರಿಯ ಸಹ ಶಿಕ್ಷಕರೊಬ್ಬರು ‘ಪ್ರಭಾರ’ ವಹಿಸಿಕೊಳ್ಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಎಷ್ಟು ಮಕ್ಕಳಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರಿರಬೇಕು ಎಂದು ಹೇಳುತ್ತದೆ. ಅವರಿಗೊಬ್ಬ ಉಪ ಇರಬೇಕೆಂದು ಹೇಳುವುದಿಲ್ಲ. ಪ್ರಭಾರ ಹೊತ್ತ ಶಿಕ್ಷಕರು ತಮ್ಮ ಗಣಿತವನ್ನೋ ಕನ್ನಡವನ್ನೋ ಪಾಠ ಮಾಡುತ್ತಲೇ ಕಚೇರಿಯನ್ನೂ ನಡೆಸಬೇಕು.

ಒಂಬತ್ತೂವರೆಯ ಲೆಕ್ಕ

ಅವರ ದಿನ ಹೇಗಿರುತ್ತದೆ? ಪ್ರಾರ್ಥನೆಯ ಹೊತ್ತಿಗೆ ಒಬ್ಬ ಶಿಕ್ಷಕರು ರಜೆ, ಇನ್ನೊಬ್ಬರು ತರಬೇತಿಗೆ ಹೋಗಿದ್ದಾರೆ, ಮತ್ತೊಬ್ಬರಿಗೆ ಚುನಾವಣೆ ಕೆಲಸ ಎಂದಿಟ್ಟುಕೊಳ್ಳೋಣ. ಶಿಕ್ಷಣ ಹಕ್ಕು ಕಾಯಿದೆ ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆಯಾದರೂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳಿಗೆ ವಿನಾಯಿತಿ ಕೊಟ್ಟಿದೆ. ಮೂರು ತರಗತಿಗಳು ಖಾಲಿ. ಬಿಡುವಿನ ಅವಧಿ ಇರುವವರನ್ನು ಹುಡುಕಿ, ಅವರ ಮುಖದ ಬೇಸರವನ್ನು ಸಹಿಸಿ, ಹತ್ತು ನಿಮಿಷದಲ್ಲಿ ಬದಲಿ ವೇಳಾಪಟ್ಟಿ ಬರೆದು ಸ್ಟಾಫ್ ರೂಮಿಗೆ ಕಳಿಸಬೇಕು. ಯಾರ ಮೇಲೂ ಪದೇ ಪದೇ ಹೊರೆ ಬೀಳದಂತೆ ಲೆಕ್ಕ ಇಡಬೇಕು. ಇದರಲ್ಲಿ ಪಕ್ಷಪಾತ ಮಾಡಿದರೆ ಶಾಲೆಯಲ್ಲಿ ಎರಡು ಗುಂಪು ಹುಟ್ಟಲು ಒಂದು ತಿಂಗಳೂ ಬೇಡ.

ಬಳಿಕ ಹಾಜರಿ, ಬಿಸಿಯೂಟ, ಶೌಚಾಲಯದ ನೀರು, ವರ್ಗಾವಣೆ ಪತ್ರ ಕೇಳಿಕೊಂಡು ಬಂದ ಪೋಷಕರು, ಎಸ್‌ಎಸ್‌ಎಲ್‌ಸಿ ಮಕ್ಕಳ ವಿಶೇಷ ತರಗತಿ ಎಂದು ಕೆಲಸ ಸಾಗುತ್ತದೆ. ಇವೆಲ್ಲ ಸಣ್ಣ ಕೆಲಸಗಳಂತೆ ಕಾಣುತ್ತವೆ. ಆದರೆ ಹಾಜರಿ ಪುಸ್ತಕವೊಂದನ್ನೇ ತೆಗೆದುಕೊಳ್ಳಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ವಾರದಿಂದ ಬಂದಿಲ್ಲ. ಜ್ವರವಿರಬಹುದು, ಮನೆಯವರು ಕಬ್ಬು ಕಡಿಯಲು ವಲಸೆ ಹೋಗಿರಬಹುದು, ಮದುವೆಯ ಮಾತುಕತೆಯೂ ನಡೆಯುತ್ತಿರಬಹುದು. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು 2006ರ ಕಾಯಿದೆ ನಿಷೇಧಿಸಿದೆ, ಆದರೆ ಕಾಯಿದೆಗೆ ತಾನಾಗಿ ಸುದ್ದಿ ಮುಟ್ಟುವುದಿಲ್ಲ. ಮೂರನೆಯ ದಿನವೇ ಆ ಮನೆಗೆ ಫೋನು ಹೋದರೆ ತಡೆಯಬಹುದಾದದ್ದು, ಮೂರನೆಯ ವಾರ ಹೋದರೆ ಕೈಮೀರಿರುತ್ತದೆ. ಹಾಜರಿಯ ಸಾಲಿನಲ್ಲಿ ಖಾಲಿ ಬಿದ್ದ ಜಾಗವನ್ನು ಓದಬಲ್ಲವರು ಶಾಲೆಯಲ್ಲಿ ಒಬ್ಬರಾದರೂ ಇರಬೇಕು.

ಬೆತ್ತ ಇಲ್ಲದ ಶಿಸ್ತು

ಎರಡನೆಯ ಸ್ಥಾನದವರೆಂದರೆ ಬೆತ್ತ ಹಿಡಿದವರು ಎಂಬ ಚಿತ್ರ ಹಿಂದಿನ ತಲೆಮಾರಿನ ನೆನಪಿನಲ್ಲಿ ಗಟ್ಟಿಯಾಗಿದೆ. ಮುಖ್ಯಸ್ಥರು ಒಳ್ಳೆಯವರಾಗಿ ಕಾಣಲು ಇನ್ನೊಬ್ಬರು ಕೆಟ್ಟವರಾಗಬೇಕಿತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯಿದೆ, ಇಂಥ ಕೃತ್ಯ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು. ಶಾಲೆಯ ಮರ್ಯಾದೆ ಹೋಗುತ್ತದೆಂದು ಮುಚ್ಚಿಡುವುದೇ ಈಗ ಅಪರಾಧ.

ಹೀಗಾಗಿ ಹೊಡೆದು ಹೆದರಿಸುವವರಿಗಿಂತ ಕೇಳಿಸಿಕೊಳ್ಳುವವರು ಈ ಕುರ್ಚಿಗೆ ಬೇಕಾಗಿದ್ದಾರೆ. ಹೋಮ್‌ವರ್ಕ್ ಮಾಡದ ಹುಡುಗ ರಾತ್ರಿ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾನೆಯೇ ಎಂದು ಕೇಳುವ ವ್ಯವಧಾನ ಬೇಕು. ಹಾಗೆಂದು ಎಲ್ಲವನ್ನೂ ಬಿಟ್ಟುಬಿಡುವುದೂ ಸಲ್ಲದು. ಇಂದು ಒಬ್ಬನಿಗೆ ಹೇಳಿದ ಮಾತನ್ನು ನಾಳೆ ಊರ ಪ್ರಮುಖರ ಮಗನಿಗೂ ಹೇಳುವ ದಿಟ್ಟತನ ಇದ್ದರೆ ಮಕ್ಕಳು ಒಪ್ಪುತ್ತಾರೆ. ಮಕ್ಕಳ ಲೆಕ್ಕದಲ್ಲಿ ಕಟ್ಟುನಿಟ್ಟು ಕ್ಷಮಾರ್ಹ, ತಾರತಮ್ಯ ಅಲ್ಲ.

ನಿಷ್ಠೆ ಯಾರಿಗೆ?

ಈ ಹುದ್ದೆಯ ನಿಜವಾದ ಇಕ್ಕಟ್ಟು ಇರುವುದು ನಿಷ್ಠೆಯಲ್ಲಿ. ಮುಖ್ಯಸ್ಥರ ತೀರ್ಮಾನ ತಪ್ಪೆಂದು ಕಂಡರೆ ಏನು ಮಾಡಬೇಕು? ಸ್ಟಾಫ್ ರೂಮಿನಲ್ಲಿ ಆಡಿಕೊಂಡರೆ ಶಾಲೆ ಒಡೆಯುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಅಂಜದೆ ಹೇಳಿ, ಹೊರಗೆ ಒಂದೇ ದನಿಯಲ್ಲಿ ಮಾತಾಡುವುದು ಅನುಭವಿಗಳು ಕಂಡುಕೊಂಡ ದಾರಿ. ಆದರೆ ಹಣದ ದುರುಪಯೋಗ, ಮಕ್ಕಳ ಮೇಲಿನ ದೌರ್ಜನ್ಯದಂಥ ವಿಷಯಗಳಲ್ಲಿ ಈ ಸೂತ್ರ ಕೆಲಸಕ್ಕೆ ಬಾರದು. ಅಲ್ಲಿ ನಿಷ್ಠೆ ಕುರ್ಚಿಗಲ್ಲ, ಮಕ್ಕಳಿಗೆ.

ಎರಡನೆಯ ಸ್ಥಾನದಲ್ಲಿದ್ದೂ ದೊಡ್ಡ ಕೆಲಸ ಮಾಡಬಹುದೆಂಬುದಕ್ಕೆ ಕನ್ನಡಿಗರ ಬಳಿ ಒಳ್ಳೆಯ ಸಾಕ್ಷಿಯೇ ಇದೆ. ಧಾರವಾಡದ ಚನ್ನಬಸಪ್ಪನವರು (1834-1881) ಶಾಲೆಯ ಉಪಾಧ್ಯಾಯರಾಗಿ, ಆಮೇಲೆ ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್ಸ್‌ಪೆಕ್ಟರ್ ಆಗಿ ದುಡಿದವರು. ಮರಾಠಿಯ ನೆರಳಿನಲ್ಲಿದ್ದ ಆ ಭಾಗದಲ್ಲಿ ಕನ್ನಡ ಶಾಲೆಗಳು ಬೇರೂರಲು ಅವರು ಪಟ್ಟ ಪಾಡು ಇತಿಹಾಸದಲ್ಲಿ ದಾಖಲಾಗಿದೆ. ಆಗಿನ ಆಂಗ್ಲ ಮೇಲಧಿಕಾರಿಗಳ ಹೆಸರುಗಳು ಈಗ ಸಂಶೋಧಕರ ಪುಟಗಳಲ್ಲಿವೆ. ಜನ ನೆನಪಿಟ್ಟುಕೊಂಡದ್ದು ಅವರ ಕೈಕೆಳಗಿನ ಅಧಿಕಾರಿಯನ್ನು, ಅದೂ ಹುದ್ದೆಯ ಹೆಸರು ಸೇರಿಸಿಯೇ: ಡೆಪ್ಯುಟಿ ಚನ್ನಬಸಪ್ಪ.

ಎಲ್ಲ ಉಪ ಪ್ರಾಂಶುಪಾಲರಿಗೂ ಅಂಥ ಹೆಸರು ಬರಲಾರದು. ಆದರೆ ಹುದ್ದೆ ತುಂಬದೆ ಉಳಿದಾಗ, ಪಾಠದ ಹೊರೆ ಇಳಿಸದೆಯೇ ಪ್ರಭಾರ ಹೊರಿಸಿದಾಗ ನಷ್ಟವಾಗುವುದು ಕಚೇರಿಗಲ್ಲ. ಬದಲಿ ಶಿಕ್ಷಕರು ಬಾರದ ತರಗತಿಗೆ, ಯಾರೂ ವಿಚಾರಿಸದ ಆ ಒಂಬತ್ತನೆಯ ತರಗತಿಯ ಹುಡುಗಿಗೆ.