ಕೊಟ್ಟಿಗೆಯ ಕಾರು ಕಲಿಸಿದ ಪಾಠ

ನಮ್ಮ ಬಯಲುಸೀಮೆಯ ಹಳೆಯ ಮನೆಗಳಲ್ಲಿ ಕೊಟ್ಟಿಗೆಯ ಒಂದು ಮೂಲೆ ಕಾಲ ಮುಗಿದ ವಸ್ತುಗಳಿಗೇ ಮೀಸಲಾಗಿರುತ್ತದೆ. ಮುರಿದ ನೊಗ, ಕೂರಿಗೆಯ ಬಟ್ಟಲು, ಕಪಿಲೆಯ ಹಗ್ಗ ಇವೆಲ್ಲ ಅಲ್ಲಿ ತಲೆಮಾರುಗಳ ಕಾಲ ಬಿದ್ದಿರುತ್ತವೆ. ಬಳಸಲು ಕೆಲಸವಿಲ್ಲ, ಎಸೆಯಲು ಮನಸ್ಸಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸಮೀಪದಲ್ಲಿರುವ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಇವುಗಳ ಜೊತೆಗೆ ಒಂದು ಕಾರೂ ಇತ್ತು.

ಶೇಂಗಾ ವ್ಯಾಪಾರದಲ್ಲಿ ನಾಲ್ಕು ಕಾಸು ಕೂಡಿದ್ದ ಕಾಲದಲ್ಲಿ, 1964ರಲ್ಲಿ, ನಮ್ಮ ತಂದೆಯವರು ಕೊಂಡ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಅದು. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೂ ನಮ್ಮ ಕಣಕ್ಕೂ ನಡುವೆ ಅದು ತಿರುಗದ ದಿನವಿರಲಿಲ್ಲ. ಮದುವೆಯಾದ ಮರುವರ್ಷ ನಮ್ಮ ಅವ್ವನನ್ನು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಕರೆದೊಯ್ದದ್ದೂ ಅದರಲ್ಲಿಯೇ. 1986ರ ಸುಮಾರಿಗೆ ಎಂಜಿನ್ ಹಿಡಿದುಕೊಂಡು ನಿಂತದ್ದು ಮತ್ತೆ ಕದಲಲಿಲ್ಲ. ಆದರೂ ಪ್ರತಿ ವರ್ಷ ಆಯುಧಪೂಜೆಯ ದಿನ ಅವ್ವ ಅದರ ಧೂಳು ಒರೆಸಿ, ವಿಭೂತಿ ಹಚ್ಚಿ, ಹೂವಿಡುವುದನ್ನು ಮಾತ್ರ ಬಿಡಲಿಲ್ಲ.

2021ರ ಆಯುಧಪೂಜೆಯಂದು ನಮ್ಮ ಅಣ್ಣನವರ ಮಗ ಆ ಕಾರಿನ ಸುತ್ತ ಎರಡು ಸುತ್ತು ಬಂದು, “ಚಿಕ್ಕಪ್ಪ, ಇದನ್ನ ಓಡಿಸ್ತೀನಿ. ಹಳೇ ಎಂಜಿನ್ ತೆಗೆದು ಹೊಸದು ಕೂರಿಸ್ತೀನಿ” ಎಂದನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ. ಎರಡು ವರ್ಷಗಳಿಂದ ಮನೆಯಲ್ಲಿ ತಲೆ ತಗ್ಗಿಸಿಯೇ ಓಡಾಡುತ್ತಿದ್ದವನು ಅಂದು ತಲೆಯೆತ್ತಿ ಮಾತನಾಡಿದ್ದನ್ನು ಕಂಡು ನಾವು ಬೇಡವೆನ್ನಲಾರದೆ ಹೋದೆವು.

ಸ್ಪೋರ್ಟ್ಸ್ ಕಾರಿನ ಒಡಹುಟ್ಟು

ಹೆರಾಲ್ಡ್ ಮೊದಲು ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂದಿತು. ಅದರ ಮೈಕಟ್ಟನ್ನು ರೂಪಿಸಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆಯಲ್ಲಿ ಅದು ನಮ್ಮ ದೇಶದಲ್ಲಿಯೂ ತಯಾರಾಗತೊಡಗಿತು. ಅದರ 948 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನಿನ ಶಕ್ತಿ ಸುಮಾರು 35 ಅಶ್ವಶಕ್ತಿ. ಗಾಡಿಗೆ ಅಡಿಯಲ್ಲಿ ಪ್ರತ್ಯೇಕವಾದ ಉಕ್ಕಿನ ಚಾಸಿಯಿದೆ. ಮೇಲಿನ ಮೈಯನ್ನು ಬೋಲ್ಟುಗಳಿಂದ ಅದಕ್ಕೆ ಬಿಗಿದಿದ್ದಾರೆ. ಮುಂದಿನ ಎರಡೂ ಮಡ್‌ಗಾರ್ಡುಗಳ ಸಮೇತ ಬಾನೆಟ್ಟು ಮುಂದಕ್ಕೆ ವಾಲಿಕೊಂಡು ತೆರೆಯುತ್ತದೆ. ಎಂಜಿನ್ನಿನ ಸುತ್ತ ನಿಂತು, ಬಾವಿಯ ಕಟ್ಟೆಯ ಬಳಿ ನಿಂತವರಂತೆ, ನಾಲ್ವರು ಒಟ್ಟಿಗೆ ಕೆಲಸ ಮಾಡಬಹುದು. ಮನೆಯಲ್ಲಿಯೇ ಕೆಲಸ ಮಾಡುವವರಿಗೆ ಇದಕ್ಕಿಂತ ಅನುಕೂಲದ ಗಾಡಿ ಸಿಗುವುದು ದುರ್ಲಭ.

ಇದೇ ಚಾಸಿಯನ್ನು ಗಿಡ್ಡ ಮಾಡಿ, ಇಬ್ಬರು ಕೂರುವ ತೆರೆದ ಮೈಯನ್ನು ಕೂರಿಸಿ, 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರನ್ನು ಮಾಡಿದರು. ಅದೇ ವರ್ಷ ಹೆರಾಲ್ಡಿನ ಮೈಯೊಳಗೆ ಆರು ಸಿಲಿಂಡರಿನ 1596 ಸಿ.ಸಿ. ಎಂಜಿನ್ನನ್ನು ಇಳಿಸಿ ವಿಟೆಸ್ ಎಂದು ಹೆಸರಿಟ್ಟರು. ಎಂಜಿನ್ ಬದಲಾವಣೆ ಗ್ಯಾರೇಜಿನ ಹುಡುಗರ ಹುಚ್ಚಷ್ಟೇ ಅಲ್ಲ, ಕಾರ್ಖಾನೆಗಳೂ ಮಾಡಿದ ಕೆಲಸವೇ. ನಮ್ಮ ದೇಶದಲ್ಲಿಯೇ 1984ರಲ್ಲಿ ಬಂದ ಕಾಂಟೆಸ್ಸಾ ಕಾರಿಗೆ ಮೊದಲು ಅಂಬಾಸಿಡರ್‌ನ 1489 ಸಿ.ಸಿ. ಎಂಜಿನ್ ಇತ್ತು. ದೊಡ್ಡ ಮೈಗೆ ಆ ಶಕ್ತಿ ಸಾಲದೆ, ಮುಂದೆ ಇಸುಜು ಕಂಪನಿಯ 1.8 ಲೀಟರಿನ ಎಂಜಿನ್ನನ್ನು ಅಳವಡಿಸಿದರು. 1998ರಲ್ಲಿ ಬಂದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ದೇಶೀ ಸ್ಪೋರ್ಟ್ಸ್ ಕಾರಿಗೂ ಎಂಜಿನ್ ಬಂದದ್ದು ಫ್ರಾನ್ಸಿನ ರೆನೋ ಕಂಪನಿಯಿಂದ. ಹುಡುಗ ಇವನ್ನೆಲ್ಲ ಒಂದೊಂದಾಗಿ ಹೇಳಿ ನಮ್ಮ ಬಾಯಿ ಕಟ್ಟಿದನು.

ಅವನ ಕೊನೆಯ ವಾದ ಮಾತ್ರ ನಮ್ಮ ಊರಿನದೇ. ಕುದಾಪುರದ ಬಳಿ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕೇಂದ್ರವಿರುವುದು ಓದುಗರಿಗೆ ತಿಳಿದದ್ದೇ. ಅಮೃತಮಹಲ್ ದನಗಳು ಮೇಯುತ್ತಿದ್ದ ಸೀಮೆಯಲ್ಲಿ 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಮೊದಲ ಬಾರಿಗೆ ಹಾರಿತು. 2018ರ ಫೆಬ್ರವರಿ 25ರಂದು ಅದೇ ಬಗೆಯ ವಿಮಾನ ಹೆಚ್ಚು ಶಕ್ತಿಯ ಎಂಜಿನ್ ಹೊತ್ತು ಇಲ್ಲಿಯೇ ಹಾರಿತು. “ನಮ್ಮ ತಲೆ ಮೇಲೆ ವಿಮಾನಕ್ಕೇ ಎಂಜಿನ್ ಬದಲಾಯಿಸಿ ಹಾರಿಸ್ತಾರೆ. ನಾವು ಒಂದು ಕಾರಿಗೆ ಬದಲಾಯಿಸಬಾರದಾ?” ಎಂದು ಅವನು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಆಮೇಲೆ ಬಂದಿತು, ಅವ್ವನಿಂದ ಬಂದಿತು.

ಕೊಟ್ಟಿಗೆಯೇ ಕಾರ್ಖಾನೆ

ಮೂರು ಬಲವಾದ ಕಂಬಗಳನ್ನು ತುದಿಯಲ್ಲಿ ಬಿಗಿದು ನಿಲ್ಲಿಸಿ, ಬೋರ್‌ವೆಲ್ಲಿನ ಮೋಟರು ಎತ್ತುವ ಚೈನ್ ಪುಲ್ಲಿಯನ್ನು ನೇತುಹಾಕಿ ಹಳೆಯ ಎಂಜಿನ್ನನ್ನು ಹೊರಗೆಳೆದೆವು. ಬಿಚ್ಚಿದ ಪ್ರತಿಯೊಂದು ತಂತಿಗೂ ಹುಡುಗ ಚೀಟಿ ಕಟ್ಟಿದನು. ಬೋಲ್ಟುಗಳನ್ನು ಜಾಗ ಜಾಗದ ಪ್ರಕಾರ ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟನು. ಮನೆಯ ಉಪ್ಪಿನಕಾಯಿ ಡಬ್ಬಿಗಳೆಲ್ಲ ಆ ತಿಂಗಳು ಕೊಟ್ಟಿಗೆ ಸೇರಿದವು.

ಬದಲಿಗೆ ಅವನು ಆರಿಸಿದ್ದು ಮಾರುತಿ ಜಿಪ್ಸಿಯ 1298 ಸಿ.ಸಿ. ಎಂಜಿನ್ನನ್ನು. ಬೆಂಗಳೂರಿನ ಗುಜರಿಯಿಂದ ಗೇರ್‌ಬಾಕ್ಸಿನ ಸಮೇತ ತಂದನು. ಆ ಆಯ್ಕೆಗೆ ಕಾರಣವಿತ್ತು. ಈಗಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ಎಳೆಯುತ್ತದೆ. ಹೆರಾಲ್ಡಿನಲ್ಲಿ ಎಂಜಿನ್ ಉದ್ದಕ್ಕೆ ಕುಳಿತು, ಉದ್ದದ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಜಿಪ್ಸಿಯ ಎಂಜಿನ್ನೂ ಉದ್ದಕ್ಕೆ ಕೂರುವಂಥದು. ಅದರ ನಾಲ್ಕು ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ ಗೇರ್‌ಬಾಕ್ಸಿನಿಂದ ಬೇರೆಯಾಗಿಯೇ ಇರುವುದರಿಂದ, ಅದನ್ನು ಬಿಟ್ಟು ಗೇರ್‌ಬಾಕ್ಸಿನಿಂದ ನೇರವಾಗಿ ಹಿಂದಕ್ಕೆ ಶಾಫ್ಟು ಕೊಡಬಹುದು.

ಎಂಜಿನ್ನನ್ನು ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗುತ್ತದೆ. ಅದು ಕೂರಲು ಹೊಸ ಮೌಂಟುಗಳು ಬೇಕು. ಶಾಫ್ಟನ್ನು ಹೊಸ ಅಳತೆಗೆ ಕತ್ತರಿಸಿ ತೂಕ ಸರಿದೂಗಿಸಬೇಕು. ಇಲ್ಲವಾದರೆ ವೇಗದಲ್ಲಿ ಗಾಡಿಯೆಲ್ಲ ನಡುಗುತ್ತದೆ. ರೇಡಿಯೇಟರು ಹೊಸ ಎಂಜಿನ್ನಿನ ಬಿಸಿಯನ್ನು ತಾಳುವಂಥದಾಗಬೇಕು. ಕಾರ್ಬುರೇಟರಿನ ಬದಲು ಇಂಧನವನ್ನು ಚಿಮ್ಮಿಸುವ ವ್ಯವಸ್ಥೆಯಿರುವುದರಿಂದ ವಿದ್ಯುತ್ ಪಂಪು, ಟ್ಯಾಂಕಿಗೆ ಮರಳುವ ಕೊಳವೆ, ಎಲ್ಲವನ್ನೂ ಆಳುವ ಕಂಪ್ಯೂಟರು ಪೆಟ್ಟಿಗೆ ಇವೆಲ್ಲ ಬೇಕು. ಬಾವಿ, ಬೋರುಗಳ ಪಂಪುಗಳನ್ನು ರಿಪೇರಿ ಮಾಡಿ ಪಳಗಿದ ಚಳ್ಳಕೆರೆಯ ಲೇತ್ ಅಂಗಡಿಯವರು ಬೇಕಾದ ತುಂಡುಗಳನ್ನು ಕಡೆದುಕೊಟ್ಟರು. 2022ರ ಯುಗಾದಿಯ ಮರುದಿನ ಎಂಜಿನ್ ಸದ್ದು ಮಾಡಿತು. ಮೂವತ್ತಾರು ವರ್ಷ ಮೌನವಾಗಿದ್ದ ಕಾರು ಗುಡುಗಿದಾಗ ಅಕ್ಕಪಕ್ಕದ ಮನೆಯವರೆಲ್ಲ ಓಡಿಬಂದರು. ಅವ್ವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಹುಡುಗನ ಮುಖ ನೋಡಬೇಕಿತ್ತು.

ಹೊಲದ ತಿರುವು

ಮೇ ತಿಂಗಳ ಒಂದು ಸಂಜೆ ಹುಡುಗ ನಮ್ಮ ಹೊಲದೊಳಗಿನ ಮಣ್ಣುದಾರಿಯಲ್ಲಿ ಕಾರನ್ನು ಓಡಿಸುತ್ತಿದ್ದನು. ಬೇವಿನ ಮರದ ಬಳಿಯ ತಿರುವಿನಲ್ಲಿ ವೇಗ ಹೆಚ್ಚಾಯಿತೆಂದು ತೋರಿ ಥಟ್ಟನೆ ಎಕ್ಸಿಲರೇಟರಿನಿಂದ ಕಾಲು ತೆಗೆದನು. ಅಷ್ಟೇ. ಹಿಂದಿನ ಭಾಗ ಎದ್ದಂತಾಗಿ, ಚಕ್ರ ಒಳಕ್ಕೆ ಮಡಚಿಕೊಂಡು, ಕಾರು ಗಿರ್ರನೆ ತಿರುಗಿ ಬದುವಿಗೆ ಬಡಿದು ನಿಂತಿತು. ದೇವರ ದಯೆ, ಬದು ಮಣ್ಣಿನದಾಗಿತ್ತು. ಹುಡುಗನ ಮಣಿಕಟ್ಟು ಮುರಿಯಿತು. ಎದುರಿಗೆ ಯಾರಾದರೂ ಬರುತ್ತಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದು ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ತಪ್ಪು ಯಾವುದೋ ಬೋಲ್ಟಿನದಾಗಿರಲಿಲ್ಲ. ಹೆರಾಲ್ಡಿನ ಹಿಂದಿನ ಪ್ರತಿ ಚಕ್ರವೂ ನಡುವಿನ ಡಿಫರೆನ್ಷಿಯಲ್ಲಿನ ಬಳಿಯ ಒಂದೇ ಕೀಲಿನಿಂದ, ಹಕ್ಕಿಯ ರೆಕ್ಕೆಯಂತೆ, ಮೇಲೆ ಕೆಳಗೆ ಆಡುತ್ತದೆ. ತಿರುವಿನಲ್ಲಿ ಥಟ್ಟನೆ ವೇಗ ತಗ್ಗಿದರೆ ಗಾಡಿಯ ಹಿಂಭಾಗ ಎದ್ದು, ರೆಕ್ಕೆ ಕೆಳಗಿಳಿದು, ಚಕ್ರ ಒಳಗೆ ಮಡಚಿಕೊಂಡು ನೆಲದ ಹಿಡಿತ ತಪ್ಪುತ್ತದೆ. 35 ಅಶ್ವಶಕ್ತಿಯ ಕಾರು ಆ ವೇಗವನ್ನು ಮುಟ್ಟುವುದೇ ಅಪರೂಪ. ನಮ್ಮ ಹುಡುಗ ಕೂರಿಸಿದ್ದು 80 ಅಶ್ವಶಕ್ತಿ. ಟ್ರಯಂಫ್‌ನವರೂ ಇದೇ ಪೆಟ್ಟು ತಿಂದವರೇ. ವಿಟೆಸ್ ಮತ್ತು ಜಿ.ಟಿ.6 ಕಾರುಗಳಿಗೆ ಆರು ಸಿಲಿಂಡರಿನ ಎಂಜಿನ್ ಇಟ್ಟ ಮೇಲೆ ಹಿಂಬದಿಯ ಬಗ್ಗೆ ಆಕ್ಷೇಪಗಳು ಬಂದು, 1968ರಲ್ಲಿ ಆ ಕಾರುಗಳ ಹಿಂದಿನ ಸಸ್ಪೆನ್ಷನ್ನನ್ನೇ ಬದಲಾಯಿಸಬೇಕಾಯಿತು. ಶಕ್ತಿಯನ್ನು ಹೆಚ್ಚಿಸುವುದು ಸುಲಭ. ಆ ಶಕ್ತಿಯನ್ನು ತಾಳುವ ಕಾಲು, ತಡೆಯುವ ಬ್ರೇಕು ಜೊತೆಯಲ್ಲಿಯೇ ಬರಬೇಕೆಂಬುದನ್ನು ಹುಡುಗ ಮರೆತಿದ್ದನು, ನಾವೂ ಕೇಳಿರಲಿಲ್ಲ.

ಕೈಗೆ ಕಟ್ಟು ಹಾಕಿಸಿಕೊಂಡು ಬಂದವನಿಗೆ ಅವ್ವ ಬಿಸಿ ಹಾಲು ಕೊಟ್ಟು ಹೇಳಿದಳು: “ನಿಮ್ಮ ವಿಮಾನದೋರು ಹಾರಿಸ್ತಾರಲ್ಲಪ್ಪಾ, ಅದರೊಳಗೆ ಯಾರೂ ಕೂತಿರಲ್ಲ. ನಿನ್ನ ಕಾರೊಳಗೆ ನೀನು ಕೂತಿದ್ದೆ.” ಆಕೆಯ ಮಾತು ಸುಳ್ಳಲ್ಲ. 2019ರ ಸೆಪ್ಟೆಂಬರ್ 17ರಂದು ನಮ್ಮ ತಾಲ್ಲೂಕಿನ ಜೋಡಿ ಚಿಕ್ಕೇನಹಳ್ಳಿಯ ಹೊಲದಲ್ಲಿ ಅಂಥದೊಂದು ವಿಮಾನ ಪರೀಕ್ಷೆಯ ವೇಳೆ ಬಿದ್ದಾಗ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಬೀಳಬಹುದೆಂದು ತಿಳಿದೇ ಅವರು ಪರೀಕ್ಷಿಸುತ್ತಾರೆ. ನಾವು ಬೀಳುವುದೇ ಇಲ್ಲವೆಂದುಕೊಂಡು ಹತ್ತಿ ಕೂರುತ್ತೇವೆ.

ಕಾನೂನು ಹೇಳುವುದು

ಗಾಯ ಮಾಯುತ್ತಿದ್ದ ದಿನಗಳಲ್ಲಿ ನಾವು ಕಾನೂನನ್ನೂ ವಿಚಾರಿಸಿದೆವು. ಮೊದಲೇ ವಿಚಾರಿಸಬೇಕಿತ್ತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಗ್ಯಾಸ್, ವಿದ್ಯುತ್ತು ಮೊದಲಾದ ಬೇರೆ ಇಂಧನಕ್ಕಾಗಿ ನಿಯಮದಂತೆ ಮಾಡುವ ಮಾರ್ಪಾಟಿಗೆ ಅವಕಾಶವಿದೆ. ಮನಸ್ಸಿಗೆ ಬಂದ ದೊಡ್ಡ ಎಂಜಿನ್ನನ್ನು ಕೂರಿಸಲು ಇಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಈ ಕಲಮನ್ನು ಎತ್ತಿಹಿಡಿಯಿತು. ಹೀಗೆ ಬದಲಾದ ಗಾಡಿಯಿಂದ ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು ಬರುತ್ತದೆ.

ಇನ್ನೊಂದು ಬಾಗಿಲು ತೆರೆದಿರುವುದೂ ಆಗಲೇ ತಿಳಿಯಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಹಳೆಯ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನವು ವಿಂಟೇಜ್ ಎನಿಸಿಕೊಳ್ಳಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಹತ್ತು ವರ್ಷಗಳ ಅವಧಿ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಇಂಥವುಗಳಿಗೆ ರಸ್ತೆಗಿಳಿಸಬಹುದು. ಆದರೆ ಚಾಸಿ, ಮೈ, ಎಂಜಿನ್ ಮೂಲರೂಪದಲ್ಲಿಯೇ ಇರಬೇಕು. ಎಂದರೆ, ಆರು ತಿಂಗಳು ಬೆವರು ಸುರಿಸಿ ಕೂರಿಸಿದ ಎಂಜಿನ್ನೇ ಕಾರಿನ ದಾರಿಗೆ ಅಡ್ಡವಾಗಿತ್ತು.

ಇದನ್ನು ಹುಡುಗನಿಗೆ ಹೇಳುವುದು ನಮಗೆ ಸುಲಭವಾಗಲಿಲ್ಲ. ಅವನು ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಮತ್ತೆ ತಲೆ ತಗ್ಗಿಸುವನೋ ಎಂಬ ಭಯ ನಮ್ಮನ್ನು ಕಾಡಿತು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಕೊಟ್ಟಿಗೆಯಲ್ಲಿ ಹಳೆಯ ಎಂಜಿನ್ನಿನ ಮೇಲಿನ ಗೋಣಿಚೀಲ ತೆಗೆದಿತ್ತು. ಒಂದೇ ಕೈಯಿಂದ ಅವನು ಅದರ ಹೆಡ್ಡಿನ ನಟ್ಟುಗಳಿಗೆ ಎಣ್ಣೆ ಬಿಡುತ್ತಿದ್ದನು.

ಹಳೆಯ ಎದೆಗೆ ಹೊಸ ಉಸಿರು

ಹಿಡಿದುಕೊಂಡ ಪಿಸ್ಟನ್ನುಗಳನ್ನು ಬಿಡಿಸುವುದಕ್ಕೇ ಮೂರು ವಾರ ಹಿಡಿಯಿತು. ಸಿಲಿಂಡರುಗಳಿಗೆ ಸೀಮೆಎಣ್ಣೆ, ಡೀಸೆಲ್ ತುಂಬಿ ದಿನಗಟ್ಟಲೆ ನೆನೆಸಿ, ಮರದ ತುಂಡಿಟ್ಟು ಮೆಲ್ಲನೆ ಬಡಿದು ಇಳಿಸಿದೆವು. 63 ಮಿ.ಮೀ.ನ ಸಿಲಿಂಡರುಗಳನ್ನು ಬೋರಿಂಗ್ ಮಾಡಿಸಿ ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ಹಾಕಿದೆವು. ಕ್ರ್ಯಾಂಕ್ ಶಾಫ್ಟನ್ನು ಉಜ್ಜಿಸಿ ಹೊಸ ಬೇರಿಂಗುಗಳನ್ನು ಕೊಟ್ಟೆವು. ಬಿಡಿಭಾಗಗಳಿಗಾಗಿ ಹುಡುಗ ಚೆನ್ನೈಯವರೆಗೂ ಹೋಗಿಬಂದನು. ಬದುವಿಗೆ ಬಡಿದು ನುಗ್ಗಾದ ತಗಡನ್ನು ತಟ್ಟಿ ನೇರ ಮಾಡಿದನು. ಮೊದಲ ಬಾರಿಯ ಆತುರ ಈಗ ಅವನಲ್ಲಿರಲಿಲ್ಲ. ಬಿಗಿದ ಪ್ರತಿ ನಟ್ಟನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನು.

2024ರ ಬಸವ ಜಯಂತಿಯಂದು ಹಳೆಯ ಎಂಜಿನ್ ತನ್ನ ಹಳೆಯ ದನಿಯಲ್ಲಿಯೇ ಸದ್ದು ಮಾಡಿತು. ಗುಡುಗಲ್ಲ, ಹೊಲಿಗೆ ಯಂತ್ರದಂಥ ಮೆಲುದನಿ. ಒಳಮನೆಯಲ್ಲಿದ್ದ ಅವ್ವ, “ಇದು ನಿಮ್ಮಪ್ಪನ ಕಾರು” ಎಂದು ನೋಡದೆಯೇ ಗುರುತು ಹಿಡಿದಳು. ಎಂಬತ್ತರ ಹತ್ತಿರದ ಆಕೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹುಡುಗ ಕಣದಲ್ಲಿ ಮೂರು ಸುತ್ತು ಬಂದನು. ರಸ್ತೆಗಿಳಿಸಲಿಲ್ಲ. ತಂದೆಯವರು ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಕಾಗದಗಳೊಡನೆ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಿದ್ದೇವೆ. ಅದು ಕೈಗೆ ಬರುವವರೆಗೆ ನಾಯಕನಹಟ್ಟಿಯ ತೇರಿಗೆ ಬಸ್ಸೇ ಸರಿಯೆಂದು ಅವ್ವನೇ ಹೇಳಿದ್ದಾಳೆ.

ಜಿಪ್ಸಿಯ ಎಂಜಿನ್ನನ್ನು ಮಾರಲಿಲ್ಲ. ಹುಡುಗ ಅದನ್ನು ಒಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಊರಿನ ಐ.ಟಿ.ಐ. ಹುಡುಗರಿಗೆ ಭಾನುವಾರಗಳಂದು ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಾನೆ. ದುಡ್ಡು ಕೇಳುವುದಿಲ್ಲ. ಅವರ ತಾಯಂದಿರು ಕಳುಹಿಸುವ ರೊಟ್ಟಿ ಬುತ್ತಿಯನ್ನು ಮಾತ್ರ ಬೇಡವೆನ್ನುವುದಿಲ್ಲ. ಪಾಠದ ಮೊದಲ ದಿನವೇ ಅವನು ಅವರನ್ನು ಹೊಲದ ಆ ತಿರುವಿಗೆ ಕರೆದೊಯ್ದು ಬದುವಿನ ಗುರುತನ್ನು ತೋರಿಸುತ್ತಾನಂತೆ. ತನ್ನ ತಪ್ಪನ್ನು ತಾನೇ ತೋರಿಸಿ ಕಲಿಸುವುದಕ್ಕಿಂತ ದೊಡ್ಡ ಕಾಯಕ ಯಾವುದಿದೆ? ನಮ್ಮ ಮನೆಗಳ ಮಕ್ಕಳು ಏನನ್ನಾದರೂ ಕೈಯಾರೆ ಮಾಡುತ್ತೇವೆಂದು ಮುಂದೆ ಬಂದಾಗ ಹಿರಿಯರಾದ ನಾವು ಬೇಡವೆನ್ನಬಾರದು. ಆದರೆ ನಾವು ಕೇಳದೆ ಬಿಟ್ಟ ಆ ಎರಡು ಪ್ರಶ್ನೆಗಳನ್ನು ಮಾತ್ರ ಮೊದಲೇ ಕೇಳಬೇಕು: “ಇದನ್ನು ತಡೆಯುವುದು ಯಾವುದು, ಮಗ? ಕಾನೂನು ಏನು ಹೇಳುತ್ತದೆ?”